ಜಿಂಕೆ ಒಂದೇ, ಲೆಕ್ಕ ಎರಡು

ಒಂದು ಪ್ರದೇಶದಲ್ಲಿ ಒಂದೇ ಕಾಲಕ್ಕೆ ಬದುಕುತ್ತಿದ್ದು ತಮ್ಮತಮ್ಮೊಳಗೆ ಕೂಡಿ ಸಂತಾನ ಪಡೆಯುವ, ಒಂದೇ ಪ್ರಭೇದಕ್ಕೆ ಸೇರಿದ ಜೀವಿಗಳ ಸಮೂಹವನ್ನು ಪರಿಸರ ವಿಜ್ಞಾನದಲ್ಲಿ ಜೀವಿಸಂದಣಿ ಎಂದು ಕರೆಯುತ್ತಾರೆ. ನಾಗರಹೊಳೆಯ ಚುಕ್ಕೆ ಜಿಂಕೆಗಳದು ಇಂಥ ಒಂದು ಜೀವಿಸಂದಣಿಯಾದರೆ ಅಂಡಮಾನ್ ದ್ವೀಪಗಳ ಚುಕ್ಕೆ ಜಿಂಕೆಗಳದು ಇನ್ನೊಂದು. ಮೈಮೇಲಿನ ಚುಕ್ಕೆ, ಕೊಂಬಿನ ಕವಲು, ಎಂಟು ತಿಂಗಳಿಗೆ ಹತ್ತಿರದ ಗರ್ಭಾವಧಿ, ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ, ಇವೆಲ್ಲ ಎರಡೂ ಕಡೆ ಒಂದೇ ಬಗೆಯವಾಗಿದ್ದರೂ ಎರಡು ಸಂದಣಿಗಳ ನಡೆ ಮಾತ್ರ ತೀರ ಬೇರೆ. ಏಕೆಂದರೆ ಸಂಖ್ಯೆಯನ್ನು ತೀರ್ಮಾನಿಸುವುದರಲ್ಲಿ ಪ್ರಾಣಿಯ ಮೈಗುಣಕ್ಕಿಂತ ಅದಕ್ಕೂ ಅದರ ನೆಲೆಗೂ ನಡೆಯುವ ವ್ಯವಹಾರದ ಪಾಲೇ ದೊಡ್ಡದು.

ಹುಟ್ಟು ಮತ್ತು ಒಳವಲಸೆಗಳು ಸಂದಣಿಯನ್ನು ಹಿಗ್ಗಿಸುತ್ತವೆ, ಸಾವು ಮತ್ತು ಹೊರವಲಸೆಗಳು ಕುಗ್ಗಿಸುತ್ತವೆ. ತಡೆಯೇ ಇಲ್ಲದಿದ್ದರೆ ಯಾವ ಜೀವಿಯಾದರೂ ಗುಣಾಕಾರದ ವೇಗದಲ್ಲಿ ಬೆಳೆಯುತ್ತದೆ. ಆದರೆ ಸಂಖ್ಯೆ ಏರಿದಂತೆಲ್ಲ ತಲೆಗೆ ಸಿಗುವ ಮೇವು ಮತ್ತು ಜಾಗ ಇಳಿಯುತ್ತ ಹೋಗಿ ಬೆಳವಣಿಗೆ ತಾನಾಗಿ ನಿಧಾನವಾಗುತ್ತದೆ ಎಂಬುದನ್ನು ಬೆಲ್ಜಿಯಂನ ಗಣಿತಜ್ಞ ವೆರ್‌ಹುಲ್ಸ್ಟ್ 1838ರಲ್ಲಿ ಸಮೀಕರಣದ ರೂಪದಲ್ಲಿ ತೋರಿಸಿದನು. ಒಂದು ನೆಲೆ ಬಹುಕಾಲ ಪೊರೆಯಬಲ್ಲ ಗರಿಷ್ಠ ಸಂಖ್ಯೆಗೆ ಈಗ ಧಾರಣ ಸಾಮರ್ಥ್ಯ ಎಂಬ ಹೆಸರಿದೆ. ಇದನ್ನು ಬಸ್ಸಿನ ಸೀಟುಗಳಂತೆ ಸ್ಥಿರವಾದ ಅಂಕಿಯೆಂದು ಭಾವಿಸುವವರೇ ಹೆಚ್ಚಾದರೂ ಕಾಡಿನಲ್ಲಿ ಅದು ಋತುವಿನಿಂದ ಋತುವಿಗೆ ಬದಲಾಗುತ್ತದೆ. ಬೇಸಿಗೆಯಲ್ಲಿ ನಾಗರಹೊಳೆಯ ಅಂಚಿನ ಕಬಿನಿ ಹಿನ್ನೀರು ಇಳಿದು ಬಯಲಾದ ನೆಲದಲ್ಲಿ ಎಳೆಹುಲ್ಲು ಚಿಗುರಿದಾಗ, ಒಳಗಿನ ಕಾಡು ಒಣಗಿ ನಿಂತಿರುವ ಆ ದಿನಗಳಲ್ಲೇ ಜಿಂಕೆ, ಆನೆ, ಕಾಟಿಗಳೆಲ್ಲ ಅಲ್ಲಿಗೆ ಬಂದು ನೆರೆಯುತ್ತವೆ. ಇತ್ತ ಲಂಟಾನದ ಪೊದೆ ಹಬ್ಬಿದ ಕಡೆ ಹುಲ್ಲು ಏಳದೆ ಅದೇ ಸಾಮರ್ಥ್ಯ ಸದ್ದಿಲ್ಲದೆ ಕುಗ್ಗುತ್ತದೆ.

ಮೇವು ಹೇರುವ ಮಿತಿಗಿಂತಲೂ ಕುತೂಹಲಕರವಾದದ್ದು ಬೇಟೆಗಾರ ಪ್ರಾಣಿಗಳು ಹೇರುವ ಮಿತಿ. ನಾಗರಹೊಳೆಯಲ್ಲಿ ಹುಲಿ, ಚಿರತೆ ಮತ್ತು ಸೀಳುನಾಯಿಗಳು ಒಂದೇ ಕಾಡನ್ನು ಹಂಚಿಕೊಂಡಿವೆ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹುಲಿಯ ಒಲವು ಕಾಟಿ ಮತ್ತು ಕಡವೆಯಂಥ ಭಾರಿ ಪ್ರಾಣಿಗಳ ಕಡೆಗಿದ್ದರೆ ಚಿರತೆ ಮತ್ತು ಸೀಳುನಾಯಿಗಳು ಹೆಚ್ಚಾಗಿ ಜಿಂಕೆಯಂಥ ಮಧ್ಯಮ ಗಾತ್ರದ ಬೇಟೆಯನ್ನು ನಂಬಿವೆ. ಸೀಳುನಾಯಿ ಹಗಲಿನಲ್ಲಿ, ಹುಲಿ ಬಹುಮಟ್ಟಿಗೆ ಇರುಳಿನಲ್ಲಿ ಬೇಟೆಯಾಡುವುದರಿಂದ ಪೈಪೋಟಿ ಇನ್ನಷ್ಟು ತಗ್ಗುತ್ತದೆ. ಹೀಗೆ ಒಂದೇ ನೆಲೆಯಲ್ಲಿದ್ದೂ ಆಹಾರ, ಹೊತ್ತು, ಜಾಗಗಳನ್ನು ಬೇರೆ ಬೇರೆಯಾಗಿ ಬಳಸಿ ಕೂಡಿಬಾಳುವುದನ್ನು ಸಂಪನ್ಮೂಲ ಹಂಚಿಕೆ ಎನ್ನಲಾಗುತ್ತದೆ. ಮೂರರಿಂದಲೂ ತಪ್ಪಿಸಿಕೊಳ್ಳಬೇಕಾದ ಜಿಂಕೆಗೆ ಮಾತ್ರ ಈ ಹಂಚಿಕೆಯಿಂದ ಹಗಲಿರುಳು ಬಿಡುವಿಲ್ಲ.

ಹುಲಿಯೊಂದು ಸರಾಸರಿ ವಾರಕ್ಕೊಂದರಂತೆ ವರ್ಷಕ್ಕೆ ಸುಮಾರು 50 ಬೇಟೆ ಪ್ರಾಣಿಗಳನ್ನು ಕೊಲ್ಲುತ್ತದೆ. ಹುಲಿಗಳು ವರ್ಷಕ್ಕೆ ತಿನ್ನುವುದು ಇಂಥ ಪ್ರಾಣಿಗಳ ಒಟ್ಟು ಸಂಖ್ಯೆಯ ಹತ್ತನೇ ಒಂದು ಪಾಲಿನಷ್ಟು ಎಂಬ ಅಂದಾಜನ್ನು ಒಪ್ಪಿದರೆ, ಒಂದು ಹುಲಿಯ ಹಿಂದೆ ಸುಮಾರು 500 ಗೊರಸಿನ ಪ್ರಾಣಿಗಳು ಜೀವಂತವಾಗಿರಬೇಕು. ಹುಲಿಗಳ ಲೆಕ್ಕ ಹೊರಬಿದ್ದಾಗಲೆಲ್ಲ ಸಂಭ್ರಮಿಸುವವರು ಈ ಐನೂರನ್ನು ಮರೆಯುವುದೇ ಹೆಚ್ಚು.

ಬೇಟೆಗಾರ ಪ್ರಾಣಿಗಳ ಪ್ರಭಾವ ಕೊಲ್ಲುವುದರಲ್ಲೇ ಮುಗಿಯುವುದಿಲ್ಲ. ಕಾಡಿನ ನಡುವೆ ತೇವ ಹಿಡಿದಿಟ್ಟುಕೊಂಡು ಹುಲ್ಲು ಬೆಳೆಯುವ ತಗ್ಗು ಬಯಲುಗಳಿಗೆ ನಾಗರಹೊಳೆಯಲ್ಲಿ ಹಡ್ಲು ಎಂಬ ಹೆಸರಿದೆ. ಹಡ್ಲಿನಲ್ಲಿ ಮೇಯುವ ಜಿಂಕೆ ನಾಲ್ಕು ಬಾಯಿ ಮೆಲ್ಲುವಷ್ಟರಲ್ಲಿ ತಲೆಯೆತ್ತಿ ಕಿವಿ ತಿರುಗಿಸುತ್ತದೆ. ಅನುಮಾನ ಬಂದರೆ ಬಾಲವೆತ್ತಿ, ಮುಂಗಾಲಿನಿಂದ ನೆಲ ಬಡಿದು, ಚೂಪಾದ ದನಿಯಲ್ಲಿ ಕೂಗುತ್ತದೆ. ಮರದ ಮೇಲಿನ ಮುಸುವಗಳು ಉದುರಿಸಿದ ಎಲೆ ಹಣ್ಣುಗಳನ್ನು ತಿನ್ನುತ್ತ, ಎತ್ತರದಿಂದ ಅವು ಕೊಡುವ ಎಚ್ಚರಿಕೆಯನ್ನೂ ಬಳಸಿಕೊಳ್ಳುತ್ತದೆ. ಕಾವಲಿಗೆ ಹೋದ ಹೊತ್ತು ಮೇವಿಗಿಲ್ಲ. ಒಂದೇ ಕಡೆ ನಿಂತು ಬುಡಮಟ್ಟ ಮೇಯಲು ಹಿಂಡಿಗೆ ಧೈರ್ಯ ಸಾಲದಿರುವುದರಿಂದ ಸಸಿಗಳಿಗೂ ಒಂದಿಷ್ಟು ಬಿಡುವು ಸಿಗುತ್ತದೆ.

ಅಂಡಮಾನಿನಲ್ಲಿ ಈ ಕಾವಲಿನ ಅಗತ್ಯವೇ ಇಲ್ಲ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷರು ತಂದು ಬಿಟ್ಟ ಜಿಂಕೆಗಳಿಗೆ ಅಲ್ಲಿ ಹುಲಿ, ಚಿರತೆ, ಸೀಳುನಾಯಿ ಒಂದೂ ಎದುರಾಗಲಿಲ್ಲ. ನಡುವಣ ಸಮುದ್ರವನ್ನು ಈಜಿ ದ್ವೀಪದಿಂದ ದ್ವೀಪಕ್ಕೆ ಹಬ್ಬಿದ ಅವು ನೆಲದ ಸಸಿಗಳನ್ನು ಮೇದು ಮುಗಿಸುವುದರಿಂದ ಹಳೆಯ ಮರಗಳ ಕೆಳಗೆ ಹೊಸ ಮರಗಳು ಏಳುವುದು ಕಷ್ಟವಾಗಿದೆ. ತಳಪೊದೆಗಳನ್ನು ಆಶ್ರಯಿಸಿದ್ದ ಸ್ಥಳೀಯ ಓತಿಗಳೂ ಜಿಂಕೆ ಹೆಚ್ಚಿದ ಕಡೆ ಕಡಿಮೆಯಾಗಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ನಾಗರಹೊಳೆಯಲ್ಲಿ ಕಾಡಿನ ಸಹಜ ಅಂಗವಾಗಿರುವ ಪ್ರಾಣಿಯನ್ನೇ ಇಲ್ಲಿ ವಿಜ್ಞಾನಿಗಳು ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸುತ್ತಾರೆ. ನೇತಾಜಿ ಸುಭಾಷ್‌ಚಂದ್ರ ಬೋಸ್ ದ್ವೀಪವೆಂದು 2018ರಲ್ಲಿ ಹೆಸರು ಬದಲಾದ ಪುಟ್ಟ ರಾಸ್ ದ್ವೀಪದಲ್ಲಂತೂ ಜಿಂಕೆಗಳು ಪ್ರವಾಸಿಗರ ಹತ್ತಿರಕ್ಕೇ ಬಂದು ಅವರ ಕೈಯಲ್ಲಿದ್ದುದನ್ನು ತಿನ್ನುತ್ತವೆ.