ಮನೆಯಲ್ಲೇ ಹುಟ್ಟಿದ ಹಾಡು

ಮಗಳು ಕೇಳುತ್ತಿರುವ ಹಾಡು ಯಾವುದೆಂದು ವಿಚಾರಿಸಿದರೆ, "ಇಂಡಿ ಪಾಪ್ ಅಮ್ಮಾ, ನಿಂಗೆ ಗೊತ್ತಾಗಲ್ಲ ಬಿಡು" ಅಂದುಬಿಡುತ್ತಾಳಲ್ಲವೇ? ಗೊತ್ತಾಗದೆ ಏನು! ಮನೆಯಲ್ಲೇ ಹಪ್ಪಳ ಒತ್ತಿ ಮಾರುವ ಹೆಂಗಸರಿಗೆ ಇದರ ಗುಟ್ಟು ಬೇಗ ತಿಳಿಯುತ್ತದೆ.

'ಇಂಡಿ' ಅಂದರೆ ಇಂಡಿಯಾ ಅಲ್ಲ, ಇಂಡಿಪೆಂಡೆಂಟ್. ದೊಡ್ಡ ಕಂಪನಿಗಳ ಹಂಗಿಲ್ಲದ ಹಾಡು. 1977ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ಮನೆಯವರು, ಗೆಳೆಯರಿಂದ 500 ಪೌಂಡ್ ಸಾಲ ತಂದು ತಮ್ಮ ರೆಕಾರ್ಡನ್ನು ತಾವೇ ಹೊರತಂದರು. ಮೊದಲು ಮಾಡಿಸಿದ್ದು 1000 ಪ್ರತಿ. ಅವು ಖರ್ಚಾದವು, ಮತ್ತೂ ಬೇಡಿಕೆ ಬಂತು. "ಇವರ ಕೈಲಾದದ್ದು ನಮ್ಮ ಕೈಲಾಗದೇ?" ಎಂದು ಊರೂರಿನ ಹುಡುಗ ಹುಡುಗಿಯರಿಗೆ ಧೈರ್ಯ ಬಂತು. 1986ರಲ್ಲಿ ಒಂದು ಸಂಗೀತ ವಾರಪತ್ರಿಕೆ ಇಂಥ 22 ತಂಡಗಳ ಹಾಡುಗಳನ್ನು 'ಸಿ86' ಎಂಬ ಕ್ಯಾಸೆಟ್ಟಿನಲ್ಲಿ ಸೇರಿಸಿತು.

ಈ ಹಾಡುಗಳಲ್ಲಿ ಅಬ್ಬರವಿಲ್ಲ. ಗಿಟಾರಿನ ಕಿಣಿಕಿಣಿ, ಸರಳ ಮಟ್ಟು, ಕೊಂಚ ಸಂಕೋಚದ ದನಿ. ಶ್ರುತಿ ಅಲ್ಲಲ್ಲಿ ಜಾರಿದರೂ ಚಿಂತೆಯಿಲ್ಲ, ಮಾತು ಮನಸ್ಸಿನದಾಗಿರಬೇಕು, ಅಷ್ಟೆ.

ಹೆಂಗಸರಿಗೂ ಇಲ್ಲಿ ಜಾಗ ಸಿಕ್ಕಿತು. ಬ್ರಿಸ್ಟಲ್‌ನ ಕ್ಲೇರ್ ವಾಡ್ 1987ರಲ್ಲಿ ಮ್ಯಾಟ್ ಹೇನ್ಸ್ ಜೊತೆ ಸೇರಿ 'ಸಾರಾ ರೆಕಾರ್ಡ್ಸ್' ಶುರು ಮಾಡಿದರು. 1995ರಲ್ಲಿ ನೂರರ ಲೆಕ್ಕ ತುಂಬಿದಾಗ ಸಾಕೆಂದು ತಾವೇ ಮುಗಿಸಿದರು. ಆಕ್ಸ್‌ಫರ್ಡಿನ 'ತಲೂಲಾ ಗಾಶ್' ತಂಡದಲ್ಲಿ ಹಾಡುತ್ತಿದ್ದ ಅಮೇಲಿಯಾ ಫ್ಲೆಚರ್ ಮುಂದೆ ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾದರು. ಹಾಡು ಮಾತ್ರ ಬಿಡಲಿಲ್ಲ!

ನೀವು? ಹಸೆಗೆ ಕರೆಯುವ ಹಾಡು ಹೇಳುತ್ತಿದ್ದವರು, "ಈಗೆಲ್ಲಿ ದನಿ, ಎಲ್ಲಾ ಹೋಯ್ತು" ಎಂದು ಸುಮ್ಮನಾಗಿದ್ದೀರಾ? ಇವತ್ತು ಸಂಜೆ ಮಗಳ ಪಕ್ಕ ಕೂತು ಅವಳ ಹಾಡು ಕೇಳಿ. ಆಮೇಲೆ ನಿಮ್ಮದೊಂದು ಹೇಳಿ. ದನಿ ಜಾರಿದರೆ ಜಾರಲಿ ಬಿಡಿ!