ಕಲ್ಲು ಆಕಾಶದ್ದೇ ಇರಬಹುದು, ಪುರಾವೆ ಎಲ್ಲಿ?

2025ರ ಜುಲೈ. ನ್ಯೂಯಾರ್ಕ್‌ನ ಸದಬೀಸ್ ಹರಾಜಿನಲ್ಲಿ ಒಂದು ಕಲ್ಲು 53 ಲಕ್ಷ ಡಾಲರ್‌ಗೆ ಹೋಯ್ತು. ನಮ್ಮ ಲೆಕ್ಕದಲ್ಲಿ ಸುಮಾರು 45 ಕೋಟಿ ರೂಪಾಯಿ! ಆಫ್ರಿಕಾದ ನೈಜರ್‌ನಲ್ಲಿ ಸಿಕ್ಕ, 24 ಕೆಜಿಗೂ ಮೀರಿದ ಮಂಗಳ ಗ್ರಹದ ತುಂಡು ಅದು.

ಹಾಗಾದ್ರೆ ಹುನಗುಂದ, ಇಳಕಲ್ ಕಡೆ ಹೊಲದಲ್ಲಿ ಸಿಗೋ ಕಪ್ಪನೆಯ ಭಾರದ ಕಲ್ಲಿಗೆ ಎಷ್ಟು? ತಡೀರಿ ವೀಕ್ಷಕರೇ. ಈ ಭಾಗದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ಅದೂ ಭಾರವೇ, ಕೆಲವು ಅಯಸ್ಕಾಂತಕ್ಕೂ ಅಂಟುತ್ತವೆ. ಟೈಲ್ಸ್‌ನ ಹಿಂಬದಿಯ ಒರಟು ಮೈಗೆ ಉಜ್ಜಿ ನೋಡಿ. ಕೆಂಪು ಅಥವಾ ಕಪ್ಪು ಗೆರೆ ದಟ್ಟವಾಗಿ ಬಿತ್ತಾ? ಬಹುತೇಕ ಅದಿರೇ.

ಮತ್ತೆ ಮಂಗಳದ ಕಲ್ಲು ಅಂತ ಗೊತ್ತಾಗೋದು ಹೇಗೆ? 1976ರಲ್ಲಿ ನಾಸಾದ ವೈಕಿಂಗ್ ನೌಕೆಗಳು ಮಂಗಳದಲ್ಲಿಳಿದು ಅಲ್ಲಿನ ಗಾಳಿಯನ್ನು ಅಳೆದವು. ಮುಂದೆ ಅಂಟಾರ್ಕ್ಟಿಕಾದಲ್ಲಿ ಸಿಕ್ಕ ಉಲ್ಕಾಶಿಲೆಯೊಳಗಿನ ಅನಿಲ ಅದಕ್ಕೆ ತಾಳೆಯಾಯ್ತು. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಬಿದ್ದ ಕಲ್ಲೂ ಅದೇ ಬಳಗದ್ದು. ನೂರು ವರ್ಷ ಅದರ ಊರೇ ಗೊತ್ತಿರಲಿಲ್ಲ! ಅಂದ್ರೆ, ಬೆಲೆ ಕಟ್ಟಿದ್ದು ಕಲ್ಲಿನ ಬಣ್ಣವಲ್ಲ, ನೌಕೆ ತಂದುಕೊಟ್ಟ ಪುರಾವೆ.

ಕರ್ನಾಟಕದಲ್ಲೂ ಉಲ್ಕಾಶಿಲೆ ಬಿದ್ದಿವೆ: 1865ರಲ್ಲಿ ಮದ್ದೂರು, 1866ರಲ್ಲಿ ಉಡುಪಿ. ನಾಳೆ ಬಾದಾಮಿಯಲ್ಲೂ ಬೀಳಬಹುದು. ಕಣ್ಣಾರೆ ಕಂಡರೆ ಸಮಯ, ಜಾಗ ಬರೆದಿಡಿ, ಫೋಟೋ ತೆಗೀರಿ, ಕಲ್ಲನ್ನು ತೊಳೀಬೇಡಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಿಳಿಸಿ.

"ಕೋಟಿ ಕೊಡಿಸ್ತೀನಿ, ಮೊದಲು ಟೆಸ್ಟಿಂಗ್ ಫೀ ಕಟ್ಟಿ" ಅಂತ ಯಾರಾದ್ರೂ ಮನೆ ಬಾಗಿಲಿಗೆ ಬಂದ್ರೆ? ಕಲ್ಲನ್ನಲ್ಲ, ಮೊದಲು ಆ ಮನುಷ್ಯನನ್ನು ಪರೀಕ್ಷೆ ಮಾಡಿ.