ಮರುರೂಪಿತ ಆಕರಕೋಶ: ಭರವಸೆ ಎಷ್ಟು, ಅಪಾಯ ಎಷ್ಟು?

ವಾರಾಹಿ ನದಿಯ ದಡದಲ್ಲಿರುವ ಬಸ್ರೂರು ಒಂದು ಕಾಲದಲ್ಲಿ ಅಕ್ಕಿಯ ರಫ್ತಿಗೆ ಹೆಸರಾದ ಬಂದರು. ಸರಕನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ವರ್ತಕನಿಗೆ ಕಲಿಸಬೇಕಾದ ಪಾಠವಲ್ಲ. ಆದರೆ ಮನೆಯವರಿಗೆ ಕಾಯಿಲೆ ಬಂದಾಗ ಅದೇ ವರ್ತಕ ಪರೀಕ್ಷೆಗೊಳಗಾಗದ ಚಿಕಿತ್ಸೆಗೂ ದೊಡ್ಡ ಮೊತ್ತ ತೆರಲು ಮುಂದಾಗುವುದುಂಟು. ಸ್ಟೆಮ್ ಸೆಲ್ ಎಂದು ಪ್ರಸಿದ್ಧವಾದ ಆಕರಕೋಶಗಳ ಜಾಹೀರಾತುಗಳು ಎದುರಾಗುವುದು ಇಂತಹ ಸಂದರ್ಭದಲ್ಲಿಯೇ. ಆದ್ದರಿಂದ ಈ ವಿಜ್ಞಾನದ ನೈಜ ಸ್ಥಿತಿಯನ್ನು ಅರಿತಿರುವುದು ಅವಶ್ಯಕ.

ಏನಿದು ಮರುರೂಪಣೆ?

ಸುಟ್ಟ ಹೆಂಚನ್ನು ಮತ್ತೆ ಹಸಿಮಣ್ಣಾಗಿಸಲು ಸಾಧ್ಯವಿಲ್ಲ. ಚರ್ಮ, ನರ, ಹೃದಯ ಎಂದು ಒಮ್ಮೆ ರೂಪ ತಳೆದ ಜೀವಕೋಶವೂ ಹಿಂದಿನ ಸ್ಥಿತಿಗೆ ಮರಳದೆಂಬ ನಂಬಿಕೆ ಬಹುಕಾಲ ಇತ್ತು. 1962ರಲ್ಲಿ ಬ್ರಿಟನ್ನಿನ ಜಾನ್ ಗರ್ಡನ್ ಕಪ್ಪೆಗಳ ಮೇಲಿನ ಪ್ರಯೋಗದಿಂದ ಈ ನಂಬಿಕೆಯನ್ನು ಅಲುಗಾಡಿಸಿದರು. ಜಪಾನಿನ ಶಿನ್ಯಾ ಯಮನಾಕ ನಾಲ್ಕು ವಂಶವಾಹಿಗಳನ್ನು ಸೇರಿಸಿ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮಕೋಶಗಳನ್ನು ಆದಿಸ್ಥಿತಿಗೆ ಮರಳಿಸಿದರು. 2012ರ ನೊಬೆಲ್ ಪ್ರಶಸ್ತಿ ಇಬ್ಬರಿಗೂ ಸಂದಿತು. ಹೀಗೆ ಮರಳಿದ ಕೋಶದಿಂದ ದೇಹದ ಬಹುತೇಕ ಎಲ್ಲ ಬಗೆಯ ಕೋಶಗಳನ್ನೂ ಬೆಳೆಸಬಹುದು. ಭ್ರೂಣವನ್ನು ಬಳಸಬೇಕಾದ ನೈತಿಕ ಸಮಸ್ಯೆಯೂ ಇಲ್ಲಿಲ್ಲ.

ಕರ್ನಾಟಕದಲ್ಲಿ ನಡೆದ ಕೆಲಸ

ಬೆಂಗಳೂರಿನ ನಿಮ್ಹಾನ್ಸ್, ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು ಜೊತೆಗೂಡಿ, ಮಾನಸಿಕ ಕಾಯಿಲೆಗಳಿರುವ ಕುಟುಂಬಗಳ ಸದಸ್ಯರ ರಕ್ತದಿಂದ ಮರುರೂಪಿತ ಕೋಶಗಳನ್ನು ತಯಾರಿಸಿವೆ. ಅವುಗಳಿಂದ ನರಕೋಶ ಬೆಳೆಸಿ ಕಾಯಿಲೆಯ ಮೂಲವನ್ನು ಹುಡುಕುವುದು ಉದ್ದೇಶ. ಬೆಂಗಳೂರಿನದೇ ಐಸ್ಟೆಮ್ ಕಂಪನಿಯು ವೃದ್ಧಾಪ್ಯದಲ್ಲಿ ದೃಷ್ಟಿ ಕುಂದಿಸುವ ಅಕ್ಷಿಪಟಲದ ಕಾಯಿಲೆಗೆ ಇಂತಹ ಕೋಶಗಳ ಚಿಕಿತ್ಸೆಯನ್ನು ರೂಪಿಸಿ ಮಾನವರ ಮೇಲಿನ ಪ್ರಯೋಗಕ್ಕೆ ತಂದಿದೆ.

ನೆರೆಯ ಮಣಿಪಾಲದ ಹೆಸರು ಹೊತ್ತ ಉದ್ಯಮ ಸಮೂಹದ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಉತ್ಪನ್ನಕ್ಕೆ 2016ರಲ್ಲಿ ಬರ್ಗರ್ ಕಾಯಿಲೆಯ ಚಿಕಿತ್ಸೆಗಾಗಿ ಸೀಮಿತ ಅನುಮತಿ ದೊರೆಯಿತು. ತಂಬಾಕು ಸೇವಿಸುವವರ ಕೈಕಾಲುಗಳ ರಕ್ತನಾಳಗಳನ್ನು ಮುಚ್ಚಿಸುವ ಕಾಯಿಲೆ ಇದು. ಆದರೆ ಆ ಉತ್ಪನ್ನ ದಾನಿಗಳ ಅಸ್ಥಿಮಜ್ಜೆಯ ಕೋಶಗಳಿಂದ ತಯಾರಾದದ್ದು, ಮರುರೂಪಿತ ಕೋಶಗಳಿಂದಲ್ಲ. ಎಲ್ಲ ಆಕರಕೋಶವೂ ಒಂದೇ ಅಲ್ಲವೆಂಬುದಕ್ಕೆ ಇದೇ ನಿದರ್ಶನ.

ಅಪಾಯಗಳು

ಯಮನಾಕ ಬಳಸಿದ ನಾಲ್ಕು ವಂಶವಾಹಿಗಳಲ್ಲಿ ಒಂದು ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಆದಿಸ್ಥಿತಿಯ ಕೋಶ ಒಂದಿಷ್ಟು ಉಳಿದುಹೋದರೂ ದೇಹದಲ್ಲಿ ಗಡ್ಡೆ ಬೆಳೆಯಬಹುದು. 2014ರಲ್ಲಿ ಜಪಾನಿನ ಕೋಬೆಯಲ್ಲಿ ವೃದ್ಧೆಯೊಬ್ಬರ ಕಣ್ಣಿಗೆ ಅವರದೇ ಮರುರೂಪಿತ ಕೋಶಗಳಿಂದ ಬೆಳೆಸಿದ ಪದರವನ್ನು ಕಸಿ ಮಾಡಲಾಯಿತು. 2015ರಲ್ಲಿ ಎರಡನೆಯ ರೋಗಿಯ ಕೋಶಗಳಲ್ಲಿ ವಂಶವಾಹಿ ದೋಷ ಕಂಡುಬಂದುದರಿಂದ ಚಿಕಿತ್ಸೆಯನ್ನು ತಡೆಹಿಡಿಯಲಾಯಿತು. ಪರೀಕ್ಷೆ ಇದ್ದುದರಿಂದಲೇ ದೋಷ ಪತ್ತೆಯಾಯಿತು. ಪ್ರತಿ ರೋಗಿಗೂ ಪ್ರತ್ಯೇಕ ಕೋಶ ಬೆಳೆಸುವುದು ದುಬಾರಿ, ದಾನಿಯ ಕೋಶವನ್ನು ದೇಹ ತಿರಸ್ಕರಿಸಬಹುದು.

ಪರೀಕ್ಷೆಯಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾ ಪ್ರಕರಣ ಸಾಕ್ಷಿ. ಅಲ್ಲಿನ ಕ್ಲಿನಿಕ್ಕೊಂದರಲ್ಲಿ 2015ರಲ್ಲಿ ಮೂವರು ಮಹಿಳೆಯರು ತಲಾ 5,000 ಡಾಲರ್ ತೆತ್ತು, ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣುಗಳಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು.

ಹಣ ಕೊಡುವ ಮುನ್ನ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ರಕ್ತೋತ್ಪಾದಕ ಕೋಶಗಳ ಕಸಿ ಮಾತ್ರ ಸಾಮಾನ್ಯ ಚಿಕಿತ್ಸೆ. ಔಷಧ ನಿಯಂತ್ರಕರ ಅನುಮತಿ ಪಡೆದ ಉತ್ಪನ್ನಗಳನ್ನು ಬಿಟ್ಟರೆ ಉಳಿದುದೆಲ್ಲ ಪ್ರಯೋಗವೇ. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಶುಲ್ಕ ಪಡೆಯುವಂತಿಲ್ಲ. ಮಗುವಿನ ಸ್ವಂತ ಬಳಕೆಗೆಂದು ಹೊಕ್ಕುಳಬಳ್ಳಿಯ ರಕ್ತವನ್ನು ಕಾಪಿಡಲು ವೈಜ್ಞಾನಿಕ ಆಧಾರವಿಲ್ಲವೆಂದೂ ಅದೇ ಮಾರ್ಗಸೂಚಿ ಹೇಳಿದೆ.

ಆದ್ದರಿಂದ ಮೂರು ಪ್ರಶ್ನೆಗಳನ್ನು ಕೇಳಬೇಕು: ಬಳಸುವ ಕೋಶ ಯಾವುದು? ಅದಕ್ಕೆ ನಿಯಂತ್ರಕರ ಅನುಮತಿ ಇದೆಯೇ? ಪ್ರಯೋಗವಾದರೆ, 2009ರಿಂದ ಕಡ್ಡಾಯವಾಗಿರುವ ಚಿಕಿತ್ಸಾ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯಲ್ಲಿ ಅದರ ಸಂಖ್ಯೆ ಎಷ್ಟು? ಈ ನೋಂದಣಿಯನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸಂಖ್ಯೆ ಕೊಡದೆ ಮುಂಗಡ ಕೇಳುವವರಿಂದ ದೂರವಿರುವುದೇ ಲೇಸು. ವಿಜ್ಞಾನದ ಭರವಸೆ ನಿಜವಾದದ್ದೇ. ಆದರೆ ಅದು ಪ್ರಯೋಗಶಾಲೆಯಿಂದ ರೋಗಿಯ ಹಾಸಿಗೆಯವರೆಗೆ ಬರಬೇಕಾದ ದಾರಿಯಲ್ಲಿ ಪರೀಕ್ಷೆಯನ್ನು ತಪ್ಪಿಸುವ ಒಳದಾರಿ ಇಲ್ಲ.